ಕೆರೆಯ ಕತೆಯನ್ನು ಯಾರು ಹೇಳಬೇಕು?

ಶ್ರಾವಕನಾದವನು ಜೀವನೋಪಾಯಕ್ಕಾಗಿ ಕೈಗೊಳ್ಳಬಾರದ 15 ಉದ್ಯೋಗಗಳನ್ನು ನಮ್ಮ ಆಚಾರಗ್ರಂಥಗಳು ಹೆಸರಿಸುತ್ತವೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇವನ್ನು ಕರ್ಮಾದಾನಗಳೆಂದು ವಿವರಿಸಿದ್ದಾರೆ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಖರಕರ್ಮಗಳೆಂಬ ಹೆಸರಿನಿಂದ ಇವನ್ನೇ ಚರ್ಚಿಸಿದ್ದಾರೆ. ಇದ್ದಿಲು ಸುಡುವುದು, ಕಾಡು ಕಡಿದು ಮಾರುವುದು, ದಂತ, ಅರಗು, ವಿಷ ಇವುಗಳ ವ್ಯಾಪಾರ, ಗಾಣ ಮೊದಲಾದ ಯಂತ್ರಗಳಿಂದ ಹಿಂಡುವುದು, ಕಾಡಿಗೆ ಬೆಂಕಿ ಇಡುವುದು ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ತಿಪಟೂರಿನಂತಹ ಕೊಬ್ಬರಿ ಪೇಟೆಯಲ್ಲಿ ಬಾಳಿದ ನಮ್ಮಂತಹವರ ನಡುವೆ ಸ್ವಾಧ್ಯಾಯದ ಹೊತ್ತಿನಲ್ಲಿ ಈ ಪ್ರಸಂಗ ಬಂದಾಗಲೆಲ್ಲ ಮಾತು ಗಾಣದ ಸುತ್ತಲೇ ತಿರುಗುತ್ತದೆ. ಕೊಬ್ಬರಿ ಮಾರುವುದು ಸರಿಯೆ, ಅದನ್ನು ಹಿಂಡಿ ಎಣ್ಣೆ ತೆಗೆದರೆ ಯಂತ್ರಪೀಡನವಾಗುವುದೆ ಎಂದು ಹಿರಿಯರು ಗಂಟೆಗಟ್ಟಲೆ ಜಿಜ್ಞಾಸೆ ನಡೆಸಿದ್ದನ್ನು ಕೇಳುತ್ತಲೇ ನಾನು ಬೆಳೆದೆ. ಅದೇ ಪಟ್ಟಿಯಲ್ಲಿರುವ ‘ಸರಃಶೋಷ’ ಎಂಬ ಪದದ ಬಳಿ ಮಾತ್ರ ಯಾರೂ ನಿಲ್ಲುವುದಿಲ್ಲ. ಕೆರೆ, ಕೊಳ, ಮಡುಗಳ ನೀರನ್ನು ಬಸಿದು ಬತ್ತಿಸುವುದೆಂದು ಅದರ ಅರ್ಥ. ನಾವಾರೂ ಕೆರೆ ಬತ್ತಿಸುವ ಕಸುಬಿನವರಲ್ಲವಲ್ಲ ಎಂಬ ಸಮಾಧಾನದಿಂದ ಮುಂದಿನ ಪದಕ್ಕೆ ಹೋಗಿಬಿಡುತ್ತೇವೆ.

ಆದರೆ ಕೆರೆಯನ್ನು ಬತ್ತಿಸಲು ಅದರ ನೀರನ್ನು ಮೊಗೆದು ಚೆಲ್ಲಲೇಬೇಕೆಂದಿಲ್ಲ. ನೀರು ಬರುವ ಹಳ್ಳಕ್ಕೆ ಅಡ್ಡಲಾಗಿ ತೋಟದ ಬೇಲಿ ಹಾಕಿದರೆ ಸಾಕು. ಅಂಗಳದ ಅಂಚಿನಲ್ಲಿ ವರ್ಷಕ್ಕೆ ಎರಡು ಸಾಲು ತೆಂಗಿನ ಸಸಿ ನೆಟ್ಟುಕೊಂಡು ಒಳಗೆ ಸರಿದರೆ ಸಾಕು. ತೂಬು ಕೆಟ್ಟಾಗ, ಕೋಡಿ ಕುಸಿದಾಗ, ಅದು ಸರ್ಕಾರದ ಕೆಲಸವೆಂದು ಸುಮ್ಮನಿದ್ದರೂ ಸಾಕು. ಇದೆಲ್ಲಕ್ಕಿಂತ ಮೊದಲು ಆಗುವ ಒಂದು ಕೆಲಸವಿದೆ. ಕೆರೆಯ ವಿಷಯವನ್ನು ಜನ ಮಾತಾಡುವುದನ್ನೇ ಬಿಡುತ್ತಾರೆ. ಕೆರೆಯಲ್ಲಿ ನೀರು ಬತ್ತುವುದಕ್ಕೆ ಬಹಳ ಮುಂಚೆಯೇ ಅದರ ಕತೆ ಬತ್ತಿರುತ್ತದೆ ಎಂಬುದು ನನ್ನ ಅನುಭವಕ್ಕೆ ಬಂದ ಸಂಗತಿ. ಆ ಕತೆಯನ್ನು ಮತ್ತೆ ತುಂಬಿಸುವುದು ಹೇಗೆ, ಅದನ್ನು ಹೇಳುವ ಅಧಿಕಾರ ಯಾರದು, ಅದರಲ್ಲಿ ಜೈನರಾದ ನಮ್ಮ ಕರ್ತವ್ಯವೇನು ಎಂಬುದನ್ನು ವಾಚಕರೊಡನೆ ಕೂಡಿ ಆಲೋಚಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಸೀಮೆ ಹೆಸರಿನಿಂದಲೇ ಕೆರೆಯ ಸೀಮೆ. ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ, ಹಂದನಕೆರೆ, ಕಂದಿಕೆರೆ. ಊರಿನ ಹೆಸರು ಹೇಳಿದರೆ ಕೆರೆಯ ಹೆಸರು ಹೇಳಿದಂತೆಯೇ ಆಯಿತು. ದೊಡ್ಡ ನದಿಯೊಂದು ಹರಿಯದ ಈ ಬಯಲಿನಲ್ಲಿ ಹಿಂದಿನವರು ತಗ್ಗು ಕಂಡಲ್ಲಿ ಏರಿ ಕಟ್ಟಿ, ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಹೋಗುವಂತೆ ಸರಪಳಿ ಹೆಣೆದರು. ತುರುವೇಕೆರೆಯ ಕಡೆಯ ನೀರು ಶಿಂಷಾ ನದಿಯ ಮೂಲಕ ಕಾವೇರಿಗೆ ಸೇರುತ್ತದೆ. ಚಿಕ್ಕನಾಯಕನಹಳ್ಳಿಯ ಉತ್ತರದ ನೀರು ಬೋರನಕಣಿವೆಯ ಸುವರ್ಣಮುಖಿಯ ಮೂಲಕ ವೇದಾವತಿಗೆ, ಅಲ್ಲಿಂದ ಕೃಷ್ಣೆಗೆ ಹೋಗುತ್ತದೆ. ಎರಡು ಮಹಾನದಿಗಳ ನೀರು ನಮ್ಮ ತಾಲ್ಲೂಕುಗಳ ನಡುವೆ ಬೆನ್ನು ತಿರುಗಿಸಿ ಬೇರೆಯಾಗುತ್ತದೆ ಎಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು?

ತೆಂಗು ನೀರಿನ ಬೆಳೆ. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಗಲಗಲ ಎನ್ನುತ್ತದೆ. ತಿಪಟೂರಿಗೆ ಹೆಸರು ತಂದ ಉಂಡೆ ಕೊಬ್ಬರಿ ಇದೇ. ನಮ್ಮ ಅಂಗಡಿಗಳ ತಕ್ಕಡಿಯಲ್ಲಿ ತೂಗಿದ್ದು ಒಣಗಿದ ಕೊಬ್ಬರಿಯಾದರೂ ಅದರ ಹಿಂದೆ ಇದ್ದದ್ದು ಕೆರೆಯ ನೀರು. ಕೆರೆ ತುಂಬಿದರೆ ತೋಟದ ಬಾವಿಗಳಲ್ಲಿ ಒರತೆ ಬರುತ್ತಿತ್ತು. ಕೆರೆಯ ಗೋಡು ತೋಟಕ್ಕೆ ಗೊಬ್ಬರವಾಗುತ್ತಿತ್ತು. ಆಮೇಲೆ ಕೊಳವೆಬಾವಿಗಳು ಬಂದವು. ಹೇಮಾವತಿಯ ನಾಲೆಯ ನೀರು ಕೆಲವು ಕೆರೆಗಳಿಗೆ ಬಂತು, ಕೆಲವಕ್ಕೆ ಬರಲಿಲ್ಲ. ನೀರು ಪ್ರತಿಯೊಬ್ಬನ ತೋಟದ ಮೂಲೆಯಲ್ಲಿ ಗುಂಡಿ ಒತ್ತಿದರೆ ಬರುವಂತಾದ ಮೇಲೆ ನೆರೆಯವನ ಹಂಗು ಬೇಡವಾಯಿತು. ಕೆರೆಯ ಹಂಗೂ ಬೇಡವಾಯಿತು. 2016 ಮತ್ತು 2017ರ ಬರದಲ್ಲಿ ಕೊಳವೆಬಾವಿಗಳು ಒಂದೊಂದಾಗಿ ಕೈಕೊಟ್ಟು, ನಲವತ್ತು ಐವತ್ತು ವರ್ಷದ ಮರಗಳು ಸುಳಿ ಬಾಗಿ ನಿಂತಾಗಲೇ ಕೆರೆಯ ನೆನಪು ಮತ್ತೆ ಬಂದದ್ದು.

ಜೈನರಾದ ನಮಗೆ ಈ ಮರೆವು ಇನ್ನೂ ಹೆಚ್ಚಿನ ನಷ್ಟ. ನೀರನ್ನು ಸೋಸಿ ಕುಡಿಯಬೇಕೆಂಬುದು ನಮ್ಮ ಮನೆಗಳಲ್ಲಿ ಮಗು ಕಲಿಯುವ ಮೊದಲ ಆಚಾರ. ಆದರೆ ಆ ಆಚಾರ ಸೋಸುವುದರೊಂದಿಗೆ ಮುಗಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ನೀರು ಯಾವ ಬಾವಿಯಿಂದ ಬಂತೋ, ಯಾವ ಕೆರೆಯಿಂದ ಬಂತೋ ಅಲ್ಲಿಗೇ ಮರಳಿ ಬಿಡಬೇಕಾಗಿತ್ತು. ಒಂದು ಬಾವಿಯ ಜೀವಿಯನ್ನು ಇನ್ನೊಂದು ಬಾವಿಗೆ ಬಿಡಲಾಗದು, ಅಲ್ಲಿ ಅದು ಬದುಕಲಾರದು ಎಂದು ಹಿರಿಯರು ಹೇಳುತ್ತಿದ್ದರು. ನಮ್ಮ ಅಜ್ಜಿಯಂದಿರಿಗೆ ತಾವು ಕುಡಿದ ಪ್ರತಿ ಬಿಂದಿಗೆಯ ನೀರಿನ ಮನೆ ಯಾವುದೆಂದು ಗೊತ್ತಿತ್ತು. ಈಗ ನಲ್ಲಿಗೆ ಬಟ್ಟೆ ಕಟ್ಟುತ್ತೇವೆ, ಯಂತ್ರದಲ್ಲಿ ಶುದ್ಧಿ ಮಾಡುತ್ತೇವೆ. ಮರಳಿ ಬಿಡುವುದು ಎಲ್ಲಿಗೆ? ಅಹಿಂಸೆಯ ಅರ್ಧ ಉಳಿಯಿತು, ಉಳಿದರ್ಧಕ್ಕೆ ಸ್ಥಳವೇ ಇಲ್ಲವಾಯಿತು.

ಇಲ್ಲಿಯವರೆಗೆ ಬರೆದದ್ದನ್ನು ಓದಿ, ಹಾಗಾದರೆ ಎಲ್ಲರೂ ಸೇರಿ ಕೆರೆಯ ಹಳೆಯ ವೈಭವವನ್ನು ನೆನೆಯೋಣ, ಮಕ್ಕಳಿಗೆ ಹೇಳೋಣ ಎಂದು ವಾಚಕರು ಸುಲಭವಾಗಿ ಒಪ್ಪಬಹುದು. ಕಷ್ಟವಿರುವುದು ಮುಂದೆ. ಹಳೆಯ ವೈಭವ ಎಂದಾಗ ಅದು ಯಾರ ವೈಭವ ಎಂದು ಕೇಳಲೇಬೇಕಾಗುತ್ತದೆ.

ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿದೆ. ಕೆರೆಯ ದುರಸ್ತಿಗೆ ಬಿಟ್ಟ ಬಿತ್ತುವಟ್ಟ, ದಸವಂದ, ಕಟ್ಟುಕೊಡಗೆಗಳ ವಿವರವಿದೆ. ಆದರೆ ಮಣ್ಣು ಅಗೆದು ಹೊತ್ತವರ, ಕಲ್ಲು ಕೂರಿಸಿದವರ ಹೆಸರು ಕಾಣುವುದು ಬಹಳ ಅಪರೂಪ. ಕೆರೆಯನ್ನು ದಿನದಿನವೂ ನೋಡಿಕೊಂಡವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ತೂಬನ್ನು ಯಾವಾಗ ಎಷ್ಟು ಎತ್ತಬೇಕು, ಮಳೆಯ ರಾತ್ರಿ ಏರಿಯ ಯಾವ ಭಾಗ ಜಿನುಗುತ್ತದೆ ಎಂಬುದು ಅವನಿಗೆ ಬಾಯಿಪಾಠ. ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಅಳೆದು ಕೊಡುವ ಧಾನ್ಯ ಅವನ ಸಂಬಳ. ನಮ್ಮ ಕಡೆ ಹೆಚ್ಚಿನ ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳಿಗೆ ಸೇರಿತ್ತು. ಇಡೀ ಊರಿಗೆ ನೀರು ಹಂಚುತ್ತಿದ್ದ ಅದೇ ಮನೆಯ ಹೆಣ್ಣುಮಕ್ಕಳು ಕುಡಿಯುವ ನೀರಿಗಾಗಿ ಊರ ಸೇದುವ ಬಾವಿಯ ಬಳಿ, ಮೇಲಿನಿಂದ ಯಾರಾದರೂ ಹೊಯ್ಯಲೆಂದು, ಕೊಡ ಇಟ್ಟುಕೊಂಡು ದೂರ ಕಾಯಬೇಕಾಗಿತ್ತು.

ಇದು ನಮ್ಮ ಸೀಮೆಗೆ ಮಾತ್ರ ಸೇರಿದ ಮಾತಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಮಂದಿಯೊಡನೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಆ ಕೆರೆ ಎಲ್ಲರಿಗೂ ಮುಕ್ತವೆಂದು ಅಲ್ಲಿನ ಪುರಸಭೆ ಅದಕ್ಕೆ ಮೊದಲೇ ನಿರ್ಣಯ ಮಾಡಿತ್ತು. ಆದರೂ ಅವರು ನೀರು ಮುಟ್ಟಿದ ಮೇಲೆ ಊರಿನವರು ಗಂಜಲ, ಸಗಣಿಗಳಿಂದ ಕೆರೆಯನ್ನು ಶುದ್ಧಿ ಮಾಡಿದರು. ದನ ಕುಡಿದರೆ ಮೈಲಿಗೆಯಾಗದ ನೀರು ಮನುಷ್ಯ ಕುಡಿದರೆ ಮೈಲಿಗೆಯಾಯಿತು. ಆ ನೀರಿನ ಹಕ್ಕಿಗಾಗಿ ನಡೆದ ಮೊಕದ್ದಮೆ ಮುಂಬಯಿ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ. ಎಂಟು ವರ್ಷ ಮುಂಚೆ, 1919ರ ಜುಲೈ 27ರಂದು, ಅಮೆರಿಕದ ಷಿಕಾಗೊ ನಗರದ ಮಿಷಿಗನ್ ಸರೋವರದಲ್ಲಿ ಈಜುತ್ತಿದ್ದ ಯೂಜಿನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ, ಕಣ್ಣಿಗೆ ಕಾಣದ ಒಂದು ಗಡಿಯನ್ನು ದಾಟಿ ಬಿಳಿಯರ ದಂಡೆಯ ಕಡೆಗೆ ತೇಲಿಹೋದ. ದಂಡೆಯಿಂದ ಕಲ್ಲು ತೂರಿದರು, ಹುಡುಗ ಮುಳುಗಿ ಸತ್ತ. ಅದರ ಹಿಂದೆಯೇ ಎದ್ದ ದಂಗೆಯಲ್ಲಿ 38 ಜನ ಪ್ರಾಣ ಕಳೆದುಕೊಂಡರು. ನೀರಿನ ಮೇಲೆ ಗೆರೆ ಎಳೆಯಲಾಗದು ಎಂಬ ಗಾದೆಯಂತಹ ಮಾತನ್ನು ನಾವು ಆಡುತ್ತೇವೆ. ಮನುಷ್ಯ ಎಳೆದಿದ್ದಾನೆ, ಎರಡು ಖಂಡಗಳಲ್ಲಿಯೂ.

ಅಮೆರಿಕದ ಕಪ್ಪು ಜನರ ಇತಿಹಾಸ ಓದುವಾಗ ನನಗೆ ನಮ್ಮ ನೀರುಗಂಟಿಗಳ ನೆನಪು ಬರುವುದು ಮತ್ತೊಂದು ಕಾರಣಕ್ಕೆ. ದಕ್ಷಿಣ ಕ್ಯಾರೊಲೈನ, ಜಾರ್ಜಿಯ ರಾಜ್ಯಗಳ ಕಡಲಂಚಿನ ಜವುಗು ನೆಲವನ್ನು ಏರಿ ಕಟ್ಟಿ, ತೂಬು ಇಟ್ಟು, ಬತ್ತದ ಗದ್ದೆಗಳಾಗಿ ಮಾಡಿದವರು ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಹಿಡಿದು ತರಲ್ಪಟ್ಟವರು. ಬತ್ತದ ವಿದ್ಯೆ ಅವರ ಕೈಯಲ್ಲಿತ್ತು, ಬತ್ತದ ಹಣ ಒಡೆಯರ ಪೆಟ್ಟಿಗೆಯಲ್ಲಿತ್ತು. ವರ್ಜೀನಿಯ ಮತ್ತು ಉತ್ತರ ಕ್ಯಾರೊಲೈನದ ಗಡಿಯಲ್ಲಿರುವ ಗ್ರೇಟ್ ಡಿಸ್ಮಲ್ ಸ್ವಾಂಪ್ ಎಂಬ ಮಹಾ ಜವುಗಿನಲ್ಲಿ, ಗುಲಾಮಗಿರಿಯಿಂದ ಓಡಿಬಂದವರು ತಲೆಮಾರುಗಳ ಕಾಲ ಅಡಗಿ ಬಾಳಿದರು. ಅದೇ ಜನರ ಮಕ್ಕಳು ಮುಂದೆ ಪಟ್ಟಣಗಳಿಗೆ ಚದುರಿಹೋದರು. ನೀರೆಂದರೆ ಭಯ, ಜವುಗೆಂದರೆ ಹಳೆಯ ನೋವು ಎಂಬಂತಾಯಿತು. ಈಗ ಅಲ್ಲಿ ಗುಲ್ಲಾ ಗೀಚಿ ಎಂಬ ಕಪ್ಪು ಸಮುದಾಯದವರು ಅಜ್ಜಿಯರಿಂದ ಬಂದ ಹುಲ್ಲಿನ ಬುಟ್ಟಿ ಹೆಣೆಯುವ ಕಲೆ, ಹಾಡು, ಕತೆಗಳ ಮೂಲಕ ತಮ್ಮ ಮಕ್ಕಳಿಗೆ ಆ ನೆಲ ನೀರುಗಳನ್ನು ಮರಳಿ ಪರಿಚಯಿಸುತ್ತಿದ್ದಾರೆ. 2006ರಲ್ಲಿ ಅಲ್ಲಿನ ಸರ್ಕಾರ ಆ ಕಡಲಂಚನ್ನು ಅವರ ಹೆಸರಿನ ಪರಂಪರೆಯ ವಲಯವೆಂದು ಕಾನೂನಿನ ಮೂಲಕ ಮಾನ್ಯ ಮಾಡಿತು. ನಮ್ಮ ರಾಜ್ಯದಲ್ಲಿಯೂ ಆಫ್ರಿಕ ಮೂಲದ ಸಿದ್ದಿ ಸಮುದಾಯದವರಿದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಿನ ನಡುವೆ ಅವರು ಡಮಾಮಿ ಬಾರಿಸಿ ಕುಣಿಯುವಾಗ, ಶಾಸನವಿಲ್ಲದ ಜನಕ್ಕೆ ವಾದ್ಯವೇ ಶಾಸನವೆಂಬುದು ಅರ್ಥವಾಗುತ್ತದೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ಕತೆಗೆ ಅಷ್ಟು ಶಕ್ತಿಯಿದೆಯೆ ಎಂದು ವ್ಯಾಪಾರಿ ಬುದ್ಧಿಯವರು ಕೇಳಬಹುದು. ನಾನೂ ವ್ಯಾಪಾರಿ, ಆದ್ದರಿಂದ ಲೆಕ್ಕಕ್ಕೆ ಸಿಕ್ಕುವ ಉದಾಹರಣೆಯನ್ನೇ ಕೊಡುತ್ತೇನೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲದ ಮರಗಳ ಮೇಲೆ ಗೂಡು ಕಟ್ಟುತ್ತವೆ. ಆ ಊರಿನ ಹೆಂಗಸರು ಈ ಹಕ್ಕಿಗಳನ್ನು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಮಗಳು ಬಂದ ಮನೆಯ ಮರ ಕಡಿಯುವುದುಂಟೆ? ಹಿಕ್ಕೆಯ ವಾಸನೆಯನ್ನು ಸಹಿಸಿದರು, ಹುಣಸೆಹಣ್ಣಿನ ಆದಾಯವನ್ನು ಬಿಟ್ಟುಕೊಟ್ಟರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಆದರೆ ಅದಕ್ಕೆ ಬಹಳ ಹಿಂದಿನಿಂದಲೂ ಕಾವಲಿಗಿದ್ದದ್ದು ಆ ಒಂದು ಕತೆ. ನಮ್ಮ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿಯೂ ಊರ ನಡುವಿನ ಹುಣಸೆ ಮರಗಳಿಗೆ ಬಣ್ಣದ ಕೊಕ್ಕರೆಗಳು ಬರುತ್ತವೆ, ಸುತ್ತಲಿನ ಕೆರೆಗಳಲ್ಲಿ ಮೇಯುತ್ತವೆ. ಜನ ಅವುಗಳಿಗೆ ತೊಂದರೆ ಕೊಡುವುದಿಲ್ಲ. ಜೈನ ಮುನಿಗಳ ಉಪದೇಶ ಕೇಳದ ಊರುಗಳಲ್ಲಿ ಅಹಿಂಸಾವ್ರತ ಹೀಗೆ ಒಂದು ಬಾಂಧವ್ಯದ ಮಾತಿನ ರೂಪದಲ್ಲಿ ಬಾಳುತ್ತಿದೆ.

ಕತೆ ಕಾಯುವಂತೆ ಕೊಲ್ಲಲೂ ಬಲ್ಲದು ಎಂಬುದನ್ನೂ ಮರೆಯಬಾರದು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯನ್ನು ಅರಿಯದ ಕನ್ನಡಿಗರಿಲ್ಲ. ಕಟ್ಟಿದ ಕೆರೆಯಲ್ಲಿ ನೀರು ಬೀಳಲಿಲ್ಲವೆಂದು ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಆ ಕತೆಯನ್ನು ತ್ಯಾಗದ ಮಹಿಮೆಯೆಂದು ಶಾಲೆಗಳಲ್ಲಿ ಪಾಠ ಮಾಡಿದ್ದುಂಟು. ಜೈನನಾದವನು ಅದನ್ನು ಹಾಗೆ ಓದಲಾರನು. ಜನ್ನ ಕವಿಯು 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ, ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಮಾತ್ರದಿಂದಲೇ ತಾಯಿ ಮಗ ಜನ್ಮಜನ್ಮಾಂತರಗಳಲ್ಲಿ ನವೆದರು. ಹಿಟ್ಟಿನ ಕೋಳಿಗೇ ಇಷ್ಟಾದರೆ, ಒಬ್ಬ ಹೆಣ್ಣುಮಗಳನ್ನು ಕೊಟ್ಟು ಪಡೆದ ನೀರಿಗೆ ಎಷ್ಟು ಋಣ? ಆದರೂ ಆ ಹಾಡನ್ನು ಹಾಡಬಾರದೆಂದು ನಾನು ಹೇಳುವುದಿಲ್ಲ. ಹಾಡಿದ ಹೆಂಗಸರು ಭಾಗೀರಥಿಯ ಪರವಾಗಿಯೇ ಹಾಡಿದರು, ಅವಳ ಕಣ್ಣೀರನ್ನು ಮುಚ್ಚಿಡಲಿಲ್ಲ. ಕೆರೆಯ ಬೆಲೆಯನ್ನು ಯಾರು ತೆತ್ತರೆಂಬುದನ್ನು ನೆನಪಿಟ್ಟ ಹಾಡು ಅದು. ಕೆರೆಯ ಕತೆಗಳಲ್ಲಿ ನಾವು ಹುಡುಕಬೇಕಾದದ್ದು ಈ ನೆನಪನ್ನೇ.

2022ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಅನೇಕ ಕೆರೆಗಳು ಬಹುಕಾಲದ ಮೇಲೆ ಕೋಡಿ ಬಿದ್ದವು. ಊರೂರಿನಲ್ಲಿ ಬಾಗಿನ ಅರ್ಪಿಸಿದರು. ಅಂತಹ ಒಂದು ಸಮಾರಂಭಕ್ಕೆ ನಾನೂ ಹೋಗಿದ್ದೆ. ಶಾಮಿಯಾನ, ಹಾರ, ಭಾಷಣ ಎಲ್ಲವೂ ಇದ್ದವು. ನೀರುಗಂಟಿ ಮನೆತನದವರು ತಮಟೆ ಹಿಡಿದು ಬದಿಯಲ್ಲಿ ನಿಂತಿದ್ದರು. ಬಾರಿಸಿ ಎಂದಾಗ ಬಾರಿಸಿದರು, ನಿಲ್ಲಿಸಿ ಎಂದಾಗ ನಿಲ್ಲಿಸಿದರು. ಅವರಲ್ಲಿ ಎಂಬತ್ತು ಮೀರಿದ ಒಬ್ಬ ಹಿರಿಯರಿದ್ದರು. ಊಟದ ಹೊತ್ತಿಗೆ ಅವರ ಬಳಿ ಕುಳಿತು, “ಯಜಮಾನರೆ, ಈ ಕೆರೆ ಹಿಂದೆ ಎಷ್ಟು ಸಲ ಕೋಡಿ ಬಿದ್ದದ್ದು ನಿಮಗೆ ಗೊತ್ತು?” ಎಂದು ಕೇಳಿದೆ. ಅವರು ಬೆರಳು ಮಡಿಸುತ್ತ ಒಂದೊಂದು ಸಲವನ್ನೂ ಆ ವರ್ಷ ಊರಿನಲ್ಲಿ ನಡೆದ ಮದುವೆ, ಸಾವು, ಜಗಳಗಳೊಡನೆ ಹೇಳಿದರು. ಏರಿ ಒಡೆಯುವಂತಾದ ಒಂದು ರಾತ್ರಿ ತಮ್ಮ ತಂದೆ ತೂಬಿಗೆ ಇಳಿದ ಕತೆ ಹೇಳಿದರು. ಕೊನೆಗೆ, “ಇದ್ನೆಲ್ಲ ನನ್ನ ಮೊಮ್ಮಗನೇ ಕೇಳಿಲ್ಲ ಸ್ವಾಮಿ. ಅವನಿಗೆ ಕೆರೆ ಅಂದ್ರೆ ನಮ್ಮನ್ನ ದೂರ ನಿಲ್ಸಿದ್ದ ಜಾಗ ಅಷ್ಟೆಯ. ಬೆಂಗ್ಳೂರಿಂದ ಬಂದ್ರೆ ಈ ಕಡೆ ತಿರುಗಿಯೂ ನೋಡಲ್ಲ” ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆ ಹುಡುಗನಿಗೆ, ನಿನ್ನ ಪೂರ್ವಜರ ಕೆರೆಯನ್ನು ಪ್ರೀತಿಸು ಎಂದು ಹೇಳುವ ನೈತಿಕ ಬಲ ಯಾರಿಗಿದೆ? ದೂರ ನಿಲ್ಲಿಸಿದ್ದನ್ನು ಮುಚ್ಚಿಟ್ಟು ಪ್ರೀತಿಸು ಎನ್ನುವುದು ಅಸತ್ಯ. ಅದನ್ನಷ್ಟೇ ಹೇಳಿ, ತೂಬಿಗೆ ಇಳಿದ ಮುತ್ತಜ್ಜನನ್ನು ಹೇಳದಿರುವುದೂ ಅಸತ್ಯವೇ. ಅನೇಕಾಂತವೆಂದರೆ ಎಲ್ಲರೂ ಸರಿ ಎಂದು ಕೈ ಚೆಲ್ಲುವುದಲ್ಲ. ವಸ್ತುವಿನ ಒಂದು ಮುಖವನ್ನು ನೋಡಿದವನು ಇನ್ನೊಂದು ಮುಖವನ್ನು ಕಂಡವನ ಮಾತನ್ನು ಕೇಳದೆ ತೀರ್ಮಾನಕ್ಕೆ ಬರಬಾರದೆಂಬುದು ಅದರ ಸಾರ. ಏರಿಯ ಮೇಲೆ ನಿಂತವನಿಗೆ ಕಂಡ ಕೆರೆ ಒಂದು, ದೂರ ಕೊಡ ಹಿಡಿದು ಕಾದವಳಿಗೆ ಕಂಡ ನೀರು ಇನ್ನೊಂದು.

ಮುಂದಿನ ವರ್ಷ ಸಮೀಪದ ಹಳ್ಳಿಯೊಂದರ ಶಾಲೆಯ ಉಪಾಧ್ಯಾಯಿನಿಯೊಬ್ಬರು ಒಂದು ಯೋಜನೆ ಹಿಡಿದು ನಮ್ಮಲ್ಲಿಗೆ ಬಂದರು. ಮಕ್ಕಳು ಊರಿನ ಪ್ರತಿ ಕೇರಿಗೂ ಹೋಗಿ ಹಿರಿಯರಿಂದ ಕೆರೆಯ ಕತೆ, ಹಾಡು ಕೇಳಿ ಬರೆದುಕೊಳ್ಳುವುದು, ಅದನ್ನು ಶಾಲೆಯ ಗೋಡೆಯ ಮೇಲೆ ಕೆಮ್ಮಣ್ಣು, ಸುಣ್ಣ, ಇದ್ದಿಲುಗಳಿಂದ ಚಿತ್ರವಾಗಿ ಬರೆಯುವುದು, ಬಳಿಕ ಒಂದು ಸಂಜೆ ಏರಿಯ ಮೇಲೆ ಎಲ್ಲರೆದುರು ಹೇಳಿಸುವುದು. ಬೇಕಾಗಿದ್ದ ಹಣ ಅಲ್ಪ. ನಮ್ಮ ಪೈಕಿ ಒಬ್ಬ ಹಿರಿಯ ಧರ್ಮದರ್ಶಿಗಳು ನ್ಯಾಯವಾಗಿಯೇ ಎರಡು ಪ್ರಶ್ನೆ ಎತ್ತಿದರು. ಒಂದು, ಬಸದಿಗೆ ಬಂದ ಹಣವನ್ನು ಇದಕ್ಕೆ ಕೊಡುವುದರಲ್ಲಿ ಧರ್ಮವೇನು? ಎರಡು, ಕೆರೆಯ ಪೂಜೆಯೆಂದರೆ ಗಂಗಮ್ಮನಿಗೆ ಮರಿ ಕಡಿಯುವುದೂ ಸೇರುತ್ತದೆ, ಕೆರೆಯೆಂದರೆ ಮೀನಿನ ಗುತ್ತಿಗೆಯೂ ಸೇರುತ್ತದೆ. ನಾವು ಅದರಲ್ಲಿ ಭಾಗಿಗಳಾಗಬಹುದೆ?

ಮೊದಲನೆಯದಕ್ಕೆ ಒಂದು ದಾರಿ ಸುಲಭವಾಗಿತ್ತು. ದೇವದ್ರವ್ಯವನ್ನು ಮುಟ್ಟಬೇಕಾಗಿಲ್ಲ, ನಾವು ಕೆಲವರು ಸ್ವಂತ ದಾನವಾಗಿ ಕೊಡಬಹುದು ಎಂದೆ. ಎರಡನೆಯದು ನಿಜವಾಗಿ ಕಠಿಣ. ಪ್ರಾಣಿಬಲಿಯನ್ನು ನಮ್ಮ ರಾಜ್ಯದ 1959ರ ಕಾಯಿದೆ ನಿಷೇಧಿಸಿದೆ, ನಮ್ಮ ಧರ್ಮ ಅದಕ್ಕೂ ಸಾವಿರಾರು ವರ್ಷ ಮೊದಲೇ ನಿಷೇಧಿಸಿದೆ. ಅದರಲ್ಲಿ ರಾಜಿಯಿಲ್ಲ. ಆದರೆ ಬಲಿಯನ್ನು ಒಪ್ಪದಿರುವುದು ಬೇರೆ, ಅದನ್ನು ನೆಪ ಮಾಡಿಕೊಂಡು ಒಂದು ಕೇರಿಯ ಜನರ ಮಾತನ್ನೇ ಕೇಳದಿರುವುದು ಬೇರೆ. ಸತ್ತ ದನದ ಚರ್ಮದಿಂದ ಮಾಡಿದ ತಮಟೆಯ ನಾದ ನಮ್ಮ ಕಿವಿಗೆ ಕಷ್ಟವೆನ್ನುವ ನಾವು, ಆ ಸತ್ತ ದನವನ್ನು ಊರಿನಿಂದ ಹೊರಗೆ ಸಾಗಿಸುವ ಕೆಲಸವನ್ನು ಅವರ ಹೆಗಲಿಗೇ ಹೊರಿಸಿದ್ದ ಊರಿನಲ್ಲಿ ನೆಮ್ಮದಿಯಾಗಿ ವ್ಯಾಪಾರ ಮಾಡಿದವರ ಮಕ್ಕಳಲ್ಲವೆ? ನಾವು ಹೋಗಿ ಕುಳಿತು ಕೇಳೋಣ, ನಮ್ಮ ಸರದಿ ಬಂದಾಗ ನಮ್ಮ ಕತೆಯನ್ನೂ ಹೇಳೋಣ, ಹಿಟ್ಟಿನ ಕೋಳಿಯ ಕತೆಯನ್ನೂ ಹೇಳೋಣ ಎಂದೆ. ಉಪಾಧ್ಯಾಯಿನಿಯವರು ಈ ಕಾರ್ಯಕ್ರಮದಲ್ಲಿ ಬಲಿಯ ಮಾತೇ ಇಲ್ಲವೆಂದು ಸ್ಪಷ್ಟಪಡಿಸಿದರು. ಧರ್ಮದರ್ಶಿಗಳು ಪೂರ್ಣವಾಗಿ ಒಪ್ಪಿದರೆಂದು ಹೇಳಲಾರೆ. ಆದರೆ ತಮ್ಮ ಪಾಲಿನ ಹಣ ಕೊಟ್ಟರು, ಆ ಸಂಜೆ ತಾವೂ ಬಂದರು.

ಮಕ್ಕಳು ಗೋಡೆಯ ಮೇಲೆ ಕೆರೆಯ ನಕ್ಷೆ ಬರೆದಿದ್ದರು. ಏರಿ, ತೂಬು, ಕೋಡಿ, ಗೋಕಟ್ಟೆ, ಬಾವಿ ಎಲ್ಲವೂ ಇದ್ದವು. ಮಳೆ ಹೋದ ವರ್ಷಗಳಲ್ಲಿ ಹುಡುಗರು ಕೆಸರಿನ ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಿದ್ದ ಚಿತ್ರವಿತ್ತು. ಬಾವಿಯ ಬಳಿ ಒಂದು ಸಾಲು ಕೊಡಗಳನ್ನು ದೂರದಲ್ಲಿ ಬರೆದಿದ್ದರು. ಅದನ್ನು ಬರೆದ ಹುಡುಗಿ, ತನ್ನ ಅಜ್ಜಿ ಹೇಳಿದಂತೆಯೇ, ಅಜ್ಜಿ ಎಳೆಯ ಹುಡುಗಿಯಾಗಿದ್ದಾಗ ಬೇಸಗೆಯ ಮಧ್ಯಾಹ್ನ ಆ ಕೊಡದ ಪಕ್ಕ ಕಾದದ್ದನ್ನು ಅಳುಕಿಲ್ಲದೆ ಹೇಳಿದಳು. ಊರ ಪ್ರಮುಖರೊಬ್ಬರು ಎದ್ದು, ಹಳೆಯದನ್ನು ಮಕ್ಕಳ ಬಾಯಲ್ಲಿ ಯಾಕೆ ಹೇಳಿಸುವುದು, ಈಗ ಎಲ್ಲ ಒಂದಾಗಿ ಇದ್ದೇವಲ್ಲ ಎಂದರು. ಯಾರೂ ಮಾತಾಡಲಿಲ್ಲ. ಆಗ ಮೇಲಿನ ಕೇರಿಯ ಮುದುಕಿಯೊಬ್ಬರು ಕುಳಿತಲ್ಲಿಂದಲೇ, “ಹೇಳ್ಲಿ ಬಿಡಪ್ಪ. ಆ ಕೊಡಕ್ಕೆ ಮೇಲಿಂದ ನೀರು ಹೊಯ್ತಿದ್ದೋಳು ನಾನೇಯ. ಅವಳ ಅಜ್ಜಿ ಹೆಸರು ನಂಗೆ ಗೊತ್ತು, ಒಂದು ದಿನವೂ ಹೆಸರು ಹಿಡಿದು ಕರೀಲಿಲ್ಲ” ಎಂದರು.

ಅದರಿಂದ ಊರು ಬದಲಾಯಿತೆಂದು ನಾನು ಬರೆಯಲಾರೆ. ಆ ಬೇಸಗೆಯಲ್ಲಿ ರಾಜಕಾಲುವೆಯ ಜಾಲಿ ಕಡಿಯುವ ಕೆಲಸಕ್ಕೆ ಎರಡೂ ಕೇರಿಯವರು ಬಂದರು ಎಂಬಷ್ಟನ್ನು ಮಾತ್ರ ಬಲ್ಲೆ. ಆ ಸಂಜೆ ಏರಿಯ ಮೇಲೆ ನಿಂತು ತಮಟೆ ಬಾರಿಸಿದವರಿಗೆ ಯಾರೂ ನಿಲ್ಲಿಸಿ ಎನ್ನಲಿಲ್ಲ ಎಂಬುದನ್ನೂ ಬಲ್ಲೆ. ಕೆರೆಗಳ ಪುನರುಜ್ಜೀವನಕ್ಕೆಂದು 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನೆ ಬಂತು. 2014ರಲ್ಲಿ ಕೆರೆಗಳ ಸಂರಕ್ಷಣೆಗೆ ಪ್ರಾಧಿಕಾರ ರಚಿಸುವ ಕಾಯಿದೆಯಾಯಿತು. ಇವೆಲ್ಲ ಬೇಕು. ಆದರೆ ಹೂಳು ತೆಗೆದ ಕೆರೆಯನ್ನು ಮತ್ತೆ ಹೂಳು ತುಂಬದಂತೆ ನೋಡಿಕೊಳ್ಳುವವನು, ಅದು ತನ್ನದೆಂದು ತಿಳಿದವನು. ತನ್ನದೆಂದು ತಿಳಿಯಬೇಕಾದರೆ ಅದರ ಕತೆಯಲ್ಲಿ ಅವನ ಹೆಸರಿರಬೇಕು.

ನಮ್ಮ ಪರಂಪರೆಗೆ ಇದು ಹೊಸತಲ್ಲ. ಶ್ರವಣಬೆಳಗೊಳಕ್ಕೆ ಆ ಹೆಸರು ಬಂದದ್ದು ಬೆಟ್ಟದಿಂದಲ್ಲ, ಬಿಳಿಯ ಕೊಳದಿಂದ. ಅಲ್ಲಿನ ಕಲ್ಯಾಣಿಯ ಕ್ಷೇತ್ರಕಾರ್ಯವನ್ನು ಚಿಕ್ಕದೇವರಾಜ ಒಡೆಯರು ತೊಡಗಿಸಿದರು. ತುಮಕೂರಿನ ಬಳಿಯ ಮಂದರಗಿರಿಗೆ ಯಾತ್ರೆ ಹೋದವರು ಬಸದಿಗಳ ದರ್ಶನ ಮಾಡಿ, ಕೆಳಗಿನ ಮೈದಾಳದ ಕೆರೆಯನ್ನು ನೋಡಿ ಮನಸ್ಸು ತಂಪು ಮಾಡಿಕೊಳ್ಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ನಮ್ಮಲ್ಲಿ ಗುಳ್ಳಕಾಯಜ್ಜಿಯ ಐತಿಹ್ಯವಿದೆ. ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಬಾಹುಬಲಿಯ ಪಾದದವರೆಗೆ ಇಳಿಯದ ಅಭಿಷೇಕ, ಗುರುತಿಲ್ಲದ ಒಬ್ಬ ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಹಾಲಿನಿಂದ ಪೂರ್ಣವಾಯಿತು. ಆಕೆಯ ವಿಗ್ರಹ ಇಂದಿಗೂ ಸ್ವಾಮಿಯ ಎದುರು ನಿಂತಿದೆ. ಕಟ್ಟಿಸಿದವನ ಕತೆಯೊಡನೆ, ಸರದಿಯ ಹೊರಗೆ ನಿಂತಿದ್ದವಳ ಕತೆಯನ್ನೂ ಹೇಳದೆ ಕ್ಷೇತ್ರದ ಕತೆ ಮುಗಿಯದೆಂದು ನಮ್ಮ ಹಿರಿಯರು ಕಲ್ಲಿನಲ್ಲಿಯೇ ಕಡೆದಿಟ್ಟಿದ್ದಾರೆ.

ಬಸದಿಗಳ ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ಇಷ್ಟೆ. ನಿಮ್ಮ ಊರಿನ ಕೆರೆಯ ಅಂಗಳದಲ್ಲಿ ಬಸದಿಯ ಅಥವಾ ಶ್ರಾವಕರ ತೋಟದ ಸಾಲುಗಳು ಒಳಸರಿದಿದ್ದರೆ ಮೊದಲು ಅಳತೆ ಮಾಡಿಸಿ ಬಿಟ್ಟುಕೊಡಿ. ಸರಃಶೋಷವನ್ನು ತ್ಯಜಿಸುವುದು ಇಲ್ಲಿಂದ ಆರಂಭವಾಗಬೇಕು. ಪಾಠಶಾಲೆಯ ಮಕ್ಕಳನ್ನು ವರ್ಷಕ್ಕೆ ಒಮ್ಮೆಯಾದರೂ ಕೆರೆಗೆ ಕರೆದುಕೊಂಡು ಹೋಗಿ, ನೀರು ಸೋಸಿ ಜೀವಿಗಳನ್ನು ಮರಳಿ ಬಿಡುವ ವಿಧಿಯನ್ನು ಅಲ್ಲಿಯೇ ತೋರಿಸಿ. ನೀರುಗಂಟಿ ಮನೆತನದ, ಮಣ್ಣು ಕೆಲಸದ ಭೋವಿ ಮನೆತನದ ಹಿರಿಯರು ಇನ್ನೂ ಬದುಕಿದ್ದರೆ ಅವರನ್ನು ಅತಿಥಿಗಳಾಗಿ ಕರೆದು ಅವರ ಬಾಯಿಂದಲೇ ಕತೆ ಹೇಳಿಸಿ, ಅದನ್ನು ಬರೆದಿಡಿ. ಅವರ ಕತೆಯನ್ನು ನಾವು ಹೇಳುವುದು ಬೇಡ. ಅದು ಕೂಡ ಒಂದು ಬಗೆಯ ಅದತ್ತಾದಾನವೇ, ಕೊಡದಿರುವುದನ್ನು ತೆಗೆದುಕೊಂಡಂತೆ. ನಮ್ಮ ಪಾಲಿಗಿರುವುದು ಕುಳಿತು ಕೇಳುವ ಕೆಲಸ. ಅವರಲ್ಲಿ ಬಹಳ ಮಂದಿಗೆ ಈಗ ವಯಸ್ಸಾಗಿದೆ. ಮುಂದಿನ ಕೋಡಿಯವರೆಗೆ ಕಾಯಬಾರದು.